ಧರ್ಮಕೇಂದ್ರದಲ್ಲಿ ನ್ಯಾಯದ ಕೆಲಸ ಶುರು ಮಾಡುವುದು ಹೇಗೆ

ಕ್ರಿಸ್ಮಸ್‌ಗೆ ಬಟ್ಟೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಅಕ್ಕಿ, ಶಾಲೆ ಶುರುವಾಗುವಾಗ ನೋಟ್‌ಬುಕ್. ಇಷ್ಟು ನಮ್ಮ ಬಹುತೇಕ ಕಥೋಲಿಕ ಧರ್ಮಕೇಂದ್ರಗಳಲ್ಲಿ, ಅಂದರೆ ಒಂದೊಂದು ಚರ್ಚಿನ ಸುತ್ತ ಸೇರುವ ಸಮುದಾಯಗಳಲ್ಲಿ, ನಡೆಯುತ್ತದೆ. ನಡೆಯಲೇಬೇಕು. ಹಸಿದವರಿಗೆ ಊಟ ಕೊಡದೆ ನ್ಯಾಯದ ಮಾತಾಡಬಾರದು. ಆದರೆ ಒಂದೇ ಮನೆಗೆ ಪ್ರತಿ ವರ್ಷ ಅಕ್ಕಿ ಚೀಲ ಹೋಗುತ್ತಿದ್ದರೆ ನಾವು ನಿಂತು ಕೇಳಬೇಕಲ್ವಾ? ಆ ಮನೆಯಲ್ಲಿ ಇಬ್ಬರು ದಿನವಿಡೀ ದುಡಿಯುತ್ತಾರೆ. ಆದರೂ ಅಕ್ಕಿಗೆ ಯಾಕೆ ಕೈಚಾಚಬೇಕು?

ನನ್ನ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿದೆ. ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತೆಯಾಗಿ ದುಡಿದು ನಿವೃತ್ತಿಯಾದವಳು ನಾನು. ಕೌಂಟರಿನ ಆ ಬದಿಯಲ್ಲಿ ಕೂತು ಒಂದು ವಿಷಯವನ್ನು ಚೆನ್ನಾಗಿ ಕಂಡಿದ್ದೇನೆ. ಒಬ್ಬಳೇ ಬಂದ ಹೆಂಗಸನ್ನು "ಸಾಹೇಬರಿಲ್ಲ, ಸೋಮವಾರ ಬಾ" ಎಂದು ಕಳಿಸುವುದು ಬಹಳ ಸುಲಭ. ಅದೇ ಹೆಂಗಸಿನ ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದು, ಅವಳ ಕೈಯಲ್ಲಿ ಬರೆದ ಅರ್ಜಿ ಇದ್ದು, "ಸ್ವೀಕೃತಿ ಕೊಡಿ" ಎಂದು ಕೇಳಿದರೆ ಫೈಲು ಹುಟ್ಟಲೇಬೇಕು. ಧರ್ಮಕೇಂದ್ರಕ್ಕೆ ಆ ಪಕ್ಕದವರಾಗುವ ಶಕ್ತಿ ಇದೆ. ಪ್ರತಿ ಭಾನುವಾರ ಜನ ಸೇರುತ್ತಾರೆ. ಒಬ್ಬರ ಮನೆ ಕಥೆ ಇನ್ನೊಬ್ಬರಿಗೆ ಗೊತ್ತು. ಯೋಜನೆ ಮುಗಿಯಿತು ಎಂದು ಯಾರೂ ಊರು ಬಿಟ್ಟು ಹೋಗುವುದಿಲ್ಲ. 1949ರಲ್ಲಿ ಧರ್ಮಕ್ಷೇತ್ರವಾದ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಬಳ್ಳಾರಿಗೆ ರಾಯಚೂರು, ಕೊಪ್ಪಳವೂ ಸೇರುತ್ತವೆ. ಈ ಮೂರು ಕಡೆಯ ಸಮಸ್ಯೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಾಗಾಗಿ ಇಲ್ಲಿ ಹೇಳುವ ದಾರಿ ಯಾವ ಊರಿನ ಧರ್ಮಕೇಂದ್ರಕ್ಕಾದರೂ ಹೊಂದುತ್ತದೆ.

ಗುಂಪಿನಲ್ಲಿ ಯಾರಿರಬೇಕು

ಐದರಿಂದ ಏಳು ಜನ ಸಾಕು. ಮೊದಲು ಫಾದರ್ ಹತ್ತಿರ ಮಾತಾಡಿ. ಆಮೇಲೆ ಧರ್ಮಕೇಂದ್ರದ ಪಾಲನಾ ಸಮಿತಿಯ ಸಭೆಯಲ್ಲಿ ವಿಷಯ ಇಟ್ಟು, ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಒಪ್ಪಿಗೆಯ ಮೇಲೆ ಶುರು ಮಾಡಬೇಡಿ. ಮುಂದೆ ಯಾರೋ ದೊಡ್ಡವರಿಗೆ ಬೇಸರವಾದಾಗ ಆ ಒಂದು ಸಾಲು ನಿಮ್ಮನ್ನು ಕಾಯುತ್ತದೆ.

ಗಾಯನ ತಂಡ, ಹಬ್ಬದ ಸಮಿತಿ, ಶಾಲೆಯ ಸಮಿತಿ ಎಲ್ಲದರಲ್ಲೂ ಇರುವವರನ್ನೇ ಇದಕ್ಕೂ ಹಾಕಬೇಡಿ. ಜೀನ್ಸ್ ಹೊಲಿಯುವ ಒಬ್ಬರು, ಗಾರೆ ಕೆಲಸದವರು ಒಬ್ಬರು, ಮನೆಗೆಲಸಕ್ಕೆ ಹೋಗುವ ಅಕ್ಕ ಒಬ್ಬರು ಇರಲೇಬೇಕು. ಮೊಬೈಲಿನಲ್ಲಿ ಅರ್ಜಿ ತುಂಬಲು ಬರುವ ಹುಡುಗ ಅಥವಾ ಹುಡುಗಿ, ಶಾಲೆಯ ಮೇಷ್ಟ್ರು ಅಥವಾ ಟೀಚರ್, ಆಸ್ಪತ್ರೆ ಕೆಲಸ ಗೊತ್ತಿರುವ ಸಿಸ್ಟರ್ ಇದ್ದರೆ ಒಳ್ಳೆಯದು. ಹೆಂಗಸರು ಅರ್ಧಕ್ಕಿಂತ ಕಡಿಮೆ ಇರಬಾರದು. ಸಾಲ, ಕುಡಿತ, ರೇಷನ್, ಮಗಳ ಮದುವೆ ಇವೆಲ್ಲ ಮೊದಲು ಗೊತ್ತಾಗುವುದು ಅವರಿಗೇ.

ಸಭೆಯ ಹೊತ್ತನ್ನು ಕೂಲಿಯವರ ಲೆಕ್ಕದಲ್ಲಿ ಇಡಿ. ಭಾನುವಾರ ಪೂಜೆ ಮುಗಿದ ತಕ್ಷಣ ಕರೆದರೆ ಯಾರೂ ನಿಲ್ಲುವುದಿಲ್ಲ, ಅವರಿಗೆ ಸಂತೆ, ಅಡುಗೆ ಇರುತ್ತದೆ. ಶನಿವಾರ ಬಟವಾಡೆ ದಿನ, ಅವತ್ತೂ ಆಗದು. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನದ ಮಾತೇ ಬೇಡ. ವಾರದ ನಡುವೆ, ಸಂಜೆಯ ಜಪಸರ ಮುಗಿದ ಮೇಲೆ ಒಂದು ಗಂಟೆ ಸಾಕು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ. ಕೆಲಸದಿಂದ ನೇರವಾಗಿ ಬಂದವರು ಹಸಿದಿರುತ್ತಾರೆ.

ಭಾಷೆಯ ಕಡೆಗೂ ಗಮನ ಇರಲಿ. ಬಳ್ಳಾರಿಯ ಗುಡಿಯೊಳಗೆ, ಅಂದರೆ ಚರ್ಚಿನೊಳಗೆ, ಕನ್ನಡ, ತೆಲುಗು, ತಮಿಳು ಎಲ್ಲ ಇದೆ. ಹೊರಗೆ ಉರ್ದುವೂ ಇದೆ. ಅವರವರು ತಮಗೆ ಬಂದ ಭಾಷೆಯಲ್ಲಿ ಮಾತಾಡಲಿ. ಬರೆಯುವುದು ಕನ್ನಡದಲ್ಲಿರಲಿ, ಏಕೆಂದರೆ ಕಚೇರಿಗೆ ಹೋಗುವುದು ಕನ್ನಡದ ಕಾಗದ. ಸಭೆ ಮುಗಿಯುವ ಮುಂಚೆ ಬರೆದದ್ದನ್ನು ಜೋರಾಗಿ ಓದಿ ಹೇಳಿ.

ನೋಡುವುದು

ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಎಂಬ ಗುರುಗಳು ಕಾರ್ಖಾನೆಯ ಹುಡುಗ ಹುಡುಗಿಯರ ಜೊತೆ ಕೆಲಸ ಮಾಡುತ್ತಾ ಒಂದು ಕ್ರಮ ಕಲಿಸಿದರು. ಮೊದಲು ನೋಡು, ಆಮೇಲೆ ತೂಗು, ಆಮೇಲೆ ಮಾಡು. 1961ರಲ್ಲಿ ಪೋಪ್ ಇಪ್ಪತ್ಮೂರನೇ ಜಾನ್ ತಮ್ಮ ಪತ್ರದಲ್ಲಿ ಇದನ್ನೇ ಎತ್ತಿ ಹೇಳಿದರು. ನಮ್ಮಲ್ಲಿ ಸಾಮಾನ್ಯವಾಗಿ ಮೂರನೆಯದಕ್ಕೇ ನೆಗೆಯುತ್ತೇವೆ. ಬ್ಯಾನರ್ ಮಾಡಿಸುತ್ತೇವೆ, ಮೆರವಣಿಗೆ ಹೋಗುತ್ತೇವೆ, ಅಲ್ಲಿಗೆ ಮುಗಿಯುತ್ತದೆ. ಒಂದು ತಪಸ್ಸುಕಾಲವನ್ನು ಪೂರ್ತಿ ನೋಡುವುದಕ್ಕೇ ಕೊಡಿ.

ಮನೆಮನೆಗೆ ಹೋಗುವಾಗ ನಾಲ್ಕು ಪುಟದ ಫಾರಂ ಒಯ್ಯಬೇಡಿ. ಜನ ಫಾರಂ ಕಂಡರೆ ಯೋಜನೆ ಬಂತು ಎಂದುಕೊಳ್ಳುತ್ತಾರೆ, ಇಲ್ಲದಿದ್ದರೆ ಹೆದರುತ್ತಾರೆ. ಕೂತು, ನೀರು ಕುಡಿದು, ಒಂದೇ ಪ್ರಶ್ನೆ ಕೇಳಿ: "ಹೋದ ವರ್ಷ ಯಾವ ಖರ್ಚಿಗೆ ಸಾಲ ಮಾಡಿದಿರಿ?"

ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ಎಲ್ಲವೂ ಇರುತ್ತದೆ. ಸುಮ್ನೆ "ಏನು ಕಷ್ಟ?" ಎಂದು ಕೇಳಿದರೆ "ದೇವರ ದಯೆ, ಎಲ್ಲ ಚೆನ್ನಾಗಿದೆ" ಎನ್ನುತ್ತಾರೆ. ಸಾಲದ ವಿಷಯ ಕೇಳಿದರೆ ಕಿಡ್ನಿ ಕಲ್ಲಿನ ಆಪರೇಷನ್ ಬರುತ್ತದೆ, ಕಾಲೇಜಿನ ಫೀ ಬರುತ್ತದೆ, ಎರಡು ತಿಂಗಳು ಜೀನ್ಸ್ ಘಟಕ ಮುಚ್ಚಿ ಕೆಲಸವಿಲ್ಲದೆ ಕೂತದ್ದು ಬರುತ್ತದೆ, ವಾರದ ಕಂತಿನ ಗುಂಪುಸಾಲ ಬರುತ್ತದೆ. ಯಾರೋ ಮುಂಗಡ ತಗೊಂಡು ಮಗನನ್ನು ಇಟ್ಟಿಗೆ ಭಟ್ಟಿಗೆ ಕಳಿಸಿರುವುದು ಗೊತ್ತಾಗುತ್ತದೆ. ಮುಂಗಡ ತೀರುವವರೆಗೆ ಬಿಟ್ಟು ಹೋಗುವಂತಿಲ್ಲ ಎಂದರೆ ಅದು ಜೀತ. 1976ರ ಕಾನೂನಿನಲ್ಲಿ ಅದು ಅಪರಾಧ. ಅದನ್ನು ನೀವು ಬಿಡಿಸಲು ಹೋಗಬೇಡಿ. ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ಬರೆದು ಕೊಡಿ, ಬಿಡುಗಡೆ ಪತ್ರ ಕೊಡುವ ಅಧಿಕಾರ ಅಲ್ಲಿದೆ.

ಕಥೋಲಿಕರ ಮನೆಗೆ ಮಾತ್ರ ಹೋಗುವುದು ಸಾಲದು. ಅದೇ ಓಣಿಯ ಎಲ್ಲ ಮನೆಗೂ ಹೋಗಿ. ಒಂದೇ ಕೊಳಾಯಿಯ ನೀರು ಕುಡಿಯುವವರು ನೀವು. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕೊಳಾಯಿ ನೀರು ಕೆಟ್ಟು ಜನ ಸತ್ತರು. ಆ ನೀರು ಯಾರ ಜಾತಿ, ಧರ್ಮ ಕೇಳಿರಲಿಲ್ಲ.

ತೂಗುವುದು

ಕಂಡದ್ದನ್ನು ಸಭೆಗೆ ತಂದು, ಹೆಸರು ಬಿಟ್ಟು, ವಿಷಯ ಮಾತ್ರ ಹೇಳಿ. ಆಮೇಲೆ ಬೈಬಲ್ ತೆರೆಯಿರಿ. ಯಕೋಬನ ಪತ್ರದ ಐದನೇ ಅಧ್ಯಾಯದಲ್ಲಿ ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎಂಬ ಮಾತಿದೆ. ಅದನ್ನು ಬತ್ತದ ಗದ್ದೆಯ ಕೂಲಿಯವರು ಓದಲಿ, ಏನನಿಸಿತು ಎಂದು ಅವರೇ ಹೇಳಲಿ. ಪಾಂಡಿತ್ಯ ಬೇಕಿಲ್ಲ. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಕಾರ್ಮಿಕರ ಬಗ್ಗೆ ಬರೆದ ಪತ್ರದಲ್ಲಿ ಎರಡು ಮಾತು ಸ್ಪಷ್ಟವಾಗಿವೆ. ಕೂಲಿಯವರ ಬದುಕು ನಡೆಯುವಷ್ಟು ಕೂಲಿ ಕೊಡಬೇಕು. ಸಂಘ ಕಟ್ಟಿಕೊಳ್ಳುವುದು ಅವರ ಹಕ್ಕು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಈಗಿನ ಪೋಪ್, ಲಿಯೋ ಎಂಬ ಹೆಸರು ತಗೊಂಡಿದ್ದಕ್ಕೆ ಆ ಪತ್ರವೇ ಮುಖ್ಯ ಕಾರಣ ಎಂದು ಹೇಳಿದ್ದಾರೆ. "ಇದೆಲ್ಲ ಗುಡಿಯೊಳಗೆ ಯಾಕೆ ಅಕ್ಕಾ, ರಾಜಕೀಯ ಅಲ್ವಾ?" ಎಂದು ಕೇಳುವವರು ಸಿಗುತ್ತಾರೆ. ಜಗಳ ಬೇಡ. ಈ ಪತ್ರದ ಬಗ್ಗೆ ಸಮಾಧಾನವಾಗಿ ಹೇಳಿ, ಸಭೆಗೆ ಕರೆಯಿರಿ.

ಕೊನೆಗೆ ಒಂದೇ ವಿಷಯ ಆರಿಸಿಕೊಳ್ಳಿ. ಒಂದು ವರ್ಷಕ್ಕೆ ಒಂದು.

ಮೊದಲ ಕೂಲಿ ಲೆಕ್ಕ ನಮ್ಮ ಅಂಗಳದಲ್ಲಿ

ಹೊರಗಿನ ಯಾರನ್ನೇ ಪ್ರಶ್ನಿಸುವ ಮುಂಚೆ ಧರ್ಮಕೇಂದ್ರದ ಒಳಗೆ ಸಂಬಳಕ್ಕೆ ದುಡಿಯುವವರ ಪಟ್ಟಿ ಮಾಡಿ. ಅಡುಗೆಯಮ್ಮ, ಕಸ ಗುಡಿಸುವವರು, ಕಾವಲುಗಾರ, ಶಾಲೆಯ ಆಯಾ, ವ್ಯಾನ್ ಡ್ರೈವರ್, ಧರ್ಮಬೋಧನೆ ಮಾಡುವ ಉಪದೇಶಿ. ಇವರಿಗೆ ಸರ್ಕಾರ ಪ್ರಕಟಿಸಿದ ಕನಿಷ್ಠ ಕೂಲಿ ಸಿಗುತ್ತಿದೆಯೇ? ವಾರಕ್ಕೆ ಒಂದು ದಿನ ರಜೆ ಇದೆಯೇ? ಸಂಬಳ ಬ್ಯಾಂಕಿಗೆ ಹೋಗುತ್ತದೆಯೇ, ಕೈಗೆ ಹೋಗುತ್ತದೆಯೇ? ಕನಿಷ್ಠ ಕೂಲಿಯ ಈಗಿನ ದರದ ಪ್ರತಿ ಕಾರ್ಮಿಕ ಇಲಾಖೆಯಲ್ಲಿ ಸಿಗುತ್ತದೆ. ಅದನ್ನು ತಂದು ಪಕ್ಕಕ್ಕಿಟ್ಟು ನೋಡಿ.

ಈ ವಿಷಯವನ್ನು ಫಾದರ್ ಹತ್ತಿರ ಎಲ್ಲರ ಮುಂದೆ ಎತ್ತಬೇಡಿ. ಗುಂಪಿನ ಇಬ್ಬರು ಹೋಗಿ, ಗೌರವದಿಂದ, ಲೆಕ್ಕದ ಹಾಳೆ ಸಮೇತ ಮಾತಾಡಿ. ದುಡ್ಡು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನಿಜವಾದದ್ದು, ಅದಕ್ಕೂ ಉತ್ತರ ಹುಡುಕಿಕೊಂಡೇ ಹೋಗಿ. ವಾರ್ಷಿಕ ಹಬ್ಬದ ಪಟಾಕಿ, ಶಾಮಿಯಾನ, ಲೈಟಿಂಗ್ ಖರ್ಚಿನಲ್ಲಿ ಒಂದು ಪಾಲು ಈ ಕಡೆ ತಿರುಗಿಸಬಹುದು. ಇದು ಆಗದೆ ಬೇರೆಯವರ ಕೂಲಿ ಬಗ್ಗೆ ಮಾತಾಡಲು ನಮಗೆ ಬಾಯಿ ಬರುವುದಿಲ್ಲ, ಬರಲೂಬಾರದು.

ಜಾತಿಯ ಮಾತೂ ಇಲ್ಲೇ ಬರುತ್ತದೆ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿ ದಲಿತರ ಸಬಲೀಕರಣಕ್ಕೆ ಒಂದು ನೀತಿ ಹೊರಡಿಸಿತು. ಧರ್ಮಸಭೆಯೊಳಗೂ ಜಾತಿಭೇದ ಇದೆ ಎಂದು ಧರ್ಮಾಧ್ಯಕ್ಷರೇ ಒಪ್ಪಿಕೊಂಡರು. ಸಮಿತಿಯಲ್ಲಿ ಯಾರಿದ್ದಾರೆ, ತೇರು ಯಾರ ಓಣಿಗೆ ಹೋಗುತ್ತದೆ, ಹಬ್ಬದೂಟದಲ್ಲಿ ಯಾರು ಬಡಿಸುತ್ತಾರೆ, ಯಾರು ಎಲೆ ಎತ್ತುತ್ತಾರೆ ಎಂದು ನೋಡಿ. ಯಾರಿಗೂ ಭಾಷಣ ಮಾಡದೆ, ಬಡಿಸುವ ಸರದಿ ಪಟ್ಟಿಯನ್ನು ಬದಲಾಯಿಸಿದರೆ ಅರ್ಧ ಕೆಲಸ ಆಗುತ್ತದೆ.

ಒಂದೇ ಬೆಂಚಿನಲ್ಲಿ ಮಾಲೀಕ, ಕೂಲಿಯವ

ಇದು ಎಲ್ಲಕ್ಕಿಂತ ಕಷ್ಟದ ಭಾಗ. ಬಳ್ಳಾರಿಯ ಜೀನ್ಸ್ ಕೆಲಸ ದೊಡ್ಡ ಕಾರ್ಖಾನೆಯಲ್ಲಿ ನಡೆಯುವಂಥದ್ದಲ್ಲ. ಒಂದು ಶೆಡ್ಡಿನಲ್ಲಿ ಹತ್ತು ಮಷೀನು, ಒಂದು ಮನೆಯ ಪಡಸಾಲೆಯಲ್ಲಿ ಎರಡು ಮಷೀನು. ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಒಂದು ಕಡೆ, ಕಾಜಾ ಬಟನ್ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಕೂಲಿ ಪೀಸಿನ ಲೆಕ್ಕ. ಕರೆಂಟ್ ಹೋದರೆ ಆ ಹೊತ್ತಿನ ಕೂಲಿ ಹೋಯಿತು. ಮನೆಯಲ್ಲಿ ಹೊಲಿಯುವ ಹೆಂಗಸರಿಗೆ ದಾರ, ಎಣ್ಣೆ, ಸೂಜಿ, ಕರೆಂಟ್ ಬಿಲ್ ಎಲ್ಲ ಸ್ವಂತದ್ದು. ಇವರಿಗೆ ಕೆಲಸ ಕೊಡುವ ಸಣ್ಣ ಮಾಲೀಕರೂ ಭಾನುವಾರ ಅದೇ ಗುಡಿಗೆ ಬರಬಹುದು. ಅವರೂ ಸಾಲದಲ್ಲಿರುತ್ತಾರೆ. ಹಬ್ಬಕ್ಕೆ ಕಾಣಿಕೆ ಕೊಡುವವರೂ ಅವರೇ ಆಗಿರಬಹುದು.

ಇಂಥ ಕಡೆ ಯಾರ ಹೆಸರನ್ನೂ ಪ್ರಬೋಧನೆಯಲ್ಲಾಗಲಿ ಸಭೆಯಲ್ಲಾಗಲಿ ಎತ್ತಬೇಡಿ. ಮೊದಲು ಹೊಲಿಯುವವರನ್ನು ಮಾತ್ರ ಸೇರಿಸಿ. ಒಂದು ಪ್ಯಾಂಟಿನ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆಯಿರಿ. ಜೇಬಿಗೆ ಎಷ್ಟು, ಝಿಪ್ಪಿಗೆ ಎಷ್ಟು, ಓವರ್‌ಲಾಕಿಗೆ ಎಷ್ಟು, ದಾರದ ಖರ್ಚು ಎಷ್ಟು, ದಿನಕ್ಕೆ ಎಷ್ಟು ಪೀಸು, ಕೈಗೆ ಉಳಿದದ್ದು ಎಷ್ಟು. ಪೀಸಿನ ಲೆಕ್ಕವನ್ನು ದಿನದ ಲೆಕ್ಕಕ್ಕೆ ತಿರುಗಿಸಿ, ಕನಿಷ್ಠ ಕೂಲಿಯ ಪಕ್ಕದಲ್ಲಿ ಬರೆಯಿರಿ. ಎಷ್ಟೋ ಹೆಂಗಸರು ವರ್ಷಗಟ್ಟಲೆ ಹೊಲಿದರೂ ತಮ್ಮ ದಿನದ ಕೂಲಿ ಎಷ್ಟೆಂದು ಹೀಗೆ ಕಂಡಿರುವುದಿಲ್ಲ. ಆ ಅಂಕಿ ನೋಡಿದ ಮೇಲೆ ಮುಂದಿನ ಮಾತು ಅವರದೇ. ಏನು ಕೇಳಬೇಕು, ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು ಎಂದು ಅವರೇ ತೀರ್ಮಾನಿಸಲಿ. ಕೆಲಸ ಕಳೆದುಕೊಳ್ಳುವ ಭಯ ಅವರದು. ಅದನ್ನು ನಮ್ಮ ಉತ್ಸಾಹ ಮೀರಿ ಹೋಗಬಾರದು.

ಆಮೇಲೆ ಮಾಲೀಕರನ್ನು ಬೇರೆ ದಿನ ಕರೆಯಿರಿ. ಅವರ ಲೆಕ್ಕವನ್ನೂ ಅದೇ ಹಲಗೆಯ ಮೇಲೆ ಬರೆಯಿರಿ. ವ್ಯಾಪಾರಿ ಅವರಿಗೆ ಕೊಡುವ ದರ ಎಷ್ಟು, ಬಾಕಿ ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದೂ ಬರಲಿ. ಎರಡು ಲೆಕ್ಕ ಎದುರುಬದುರಾದ ಮೇಲೆ ದಾರದ ಖರ್ಚನ್ನು ಮಾಲೀಕರು ಹೊರುವುದು, ಪೀಸಿನ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೊಡುವುದು, ಬಟವಾಡೆ ತಡ ಮಾಡದಿರುವುದು ಇಂಥ ಸಣ್ಣ ಒಪ್ಪಂದಗಳಿಗೆ ಜಾಗ ಸಿಗುತ್ತದೆ. ಚೀಟಿ ಬಹಳ ಮುಖ್ಯ. ಮುಂದೆ ಕಾರ್ಮಿಕ ಇಲಾಖೆಯ ಮುಂದೆ ನಿಲ್ಲಬೇಕಾಗಿ ಬಂದರೆ ಕೈಯಲ್ಲಿರುವ ಸಾಕ್ಷಿ ಅದೊಂದೇ.

ಕಾಗದ ಮತ್ತು ಕೌಂಟರ್

ಒಂದು ದಪ್ಪ ರಿಜಿಸ್ಟರ್ ತನ್ನಿ. ತಾರೀಕು, ಯಾರ ಕೆಲಸ, ಯಾವ ಕಚೇರಿ, ಏನು ಕೊಟ್ಟೆವು, ಸ್ವೀಕೃತಿ ಸಂಖ್ಯೆ, ಜೊತೆಗೆ ಹೋದವರು ಯಾರು, ಮುಂದಿನ ತಾರೀಕು. ಅರ್ಜಿ ಯಾವಾಗಲೂ ಕಷ್ಟದಲ್ಲಿರುವವರ ಹೆಸರಲ್ಲೇ ಇರಲಿ, ಅವರದೇ ಸಹಿ ಅಥವಾ ಹೆಬ್ಬೆಟ್ಟು ಇರಲಿ. ಕೌಂಟರಿನಲ್ಲಿ ಮಾತಾಡಬೇಕಾದವರೂ ಅವರೇ. ಜೊತೆಗೆ ಹೋದವರ ಕೆಲಸ ಪಕ್ಕದಲ್ಲಿ ನಿಲ್ಲುವುದು, ಮರೆತದ್ದನ್ನು ನೆನಪಿಸುವುದು. ಎರಡನೇ ಸಲ ಅದೇ ಕಚೇರಿಗೆ ಅವರು ಒಬ್ಬರೇ ಧೈರ್ಯವಾಗಿ ಹೋಗುವುದನ್ನು ನಾನು ಕಂಡಿದ್ದೇನೆ. ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಮೊಹರು, ತಾರೀಕು ಹಾಕಿಸಿಕೊಂಡು ವಾಪಸ್ ತನ್ನಿ. ಸ್ವೀಕೃತಿ ಕೊಡಲ್ಲ ಎಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಅಂಟಿಸಿಡಿ. ಉದ್ಯೋಗ ಖಾತ್ರಿ ಕೆಲಸಕ್ಕಂತೂ ತಾರೀಕಿನ ಸ್ವೀಕೃತಿ ಜೀವಾಳ. 2005ರ ಕಾನೂನಿನಲ್ಲಿ ಕೆಲಸ ಕೇಳಿದ 15 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಎಂದಿತ್ತು. ಕೇಳಿದ್ದೇ ದಾಖಲಾಗದಿದ್ದರೆ 15 ದಿನ ಎಣಿಸುವುದು ಎಲ್ಲಿಂದ? ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಕೊಡುವ ದಿನದ ನಿಯಮವನ್ನು ಪಂಚಾಯಿತಿಯಲ್ಲೇ ಕೇಳಿ ಬರೆದುಕೊಳ್ಳಿ. ಗಾರೆ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಮಾಡಿಸಿ. 18ರಿಂದ 60 ವರ್ಷದವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಅರ್ಹರು. ನಿಜವಾಗಿ ಕಟ್ಟಡ ಕೆಲಸ ಮಾಡುವವರಿಗೆ ಮಾತ್ರ ಮಾಡಿಸಿ. ಸುಳ್ಳು ಕಾರ್ಡಿಗೆ ಕೈಜೋಡಿಸಿದರೆ ನಿಜವಾದ ಗಾರೆಯವರ ಪಾಲಿಗೆ ನಾವೇ ಕಲ್ಲು ಹಾಕಿದಂತೆ.

ಮಾಹಿತಿ ಹಕ್ಕಿನ ಅರ್ಜಿಯನ್ನು ಗುಂಪಿನ ಎಲ್ಲರೂ ಕಲಿಯಬೇಕು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನಮ್ಮ ಜನ ಅರ್ಜಿಯಲ್ಲಿ ಕಷ್ಟವನ್ನೆಲ್ಲ ಬರೆಯುತ್ತಾರೆ. ಕಷ್ಟ ಬರೆಯಬೇಡಿ, ದಾಖಲೆ ಕೇಳಿ. "ನಮ್ಮ ಓಣಿಗೆ ಯಾಕೆ ನೀರು ಕೊಡುತ್ತಿಲ್ಲ?" ಎಂದರೆ ಉತ್ತರ ಬರುವುದಿಲ್ಲ. "ಇಂಥ ವಾರ್ಡಿನ ಕುಡಿಯುವ ನೀರಿನ ಪರೀಕ್ಷೆಯ ಕಳೆದ ಒಂದು ವರ್ಷದ ವರದಿಗಳ ಪ್ರತಿ ಕೊಡಿ" ಎಂದರೆ ಕೊಡಬೇಕು. ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ವಿಷಯ ಕೋರ್ಟಿನ ಮಟ್ಟಕ್ಕೆ ಹೋದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಫೋನ್ 15100. ಮಕ್ಕಳ ವಿಷಯಕ್ಕೆ 1098, ಹೆಂಗಸರಿಗೆ 181. ಈ ಮೂರು ಸಂಖ್ಯೆಗಳನ್ನು ಗುಡಿಯ ಬಾಗಿಲ ಪಕ್ಕ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಬಾಲ್ಯವಿವಾಹದ ಸುದ್ದಿ ಕಿವಿಗೆ ಬಿದ್ದರೆ ಕಾಯಬೇಡಿ, ಅವತ್ತೇ 1098ಕ್ಕೆ ಹೇಳಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೋ ಕಾನೂನಿನ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಆರೋಪ ಯಾರ ಮೇಲೇ ಇರಲಿ. ಗುಡಿಯೊಳಗಿನವರ ಮೇಲೆ ಇದ್ದರೂ ಅಷ್ಟೇ. ಒಳಗೊಳಗೇ ಮಾತಾಡಿ ಮುಗಿಸೋಣ ಎಂಬುದಕ್ಕೆ ಎಂದಿಗೂ ಒಪ್ಪಬೇಡಿ.

ಬೇರೆಯವರ ಜೊತೆ

ದೊಡ್ಡ ವಿಷಯಗಳನ್ನು ಧರ್ಮಕೇಂದ್ರ ಒಂದೇ ಎತ್ತಲಾಗದು, ಎತ್ತಲೂಬಾರದು. ಬಳ್ಳಾರಿಯ ಗಣಿಗಾರಿಕೆಯನ್ನೇ ನೋಡಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹಾಕಿದ ಅರ್ಜಿಯ ಮೇಲೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಳನ್ನು ನಿಲ್ಲಿಸಿತು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿಯೂ ಅದೇ ತಿಂಗಳು ಬಂತು. ಕೆಲವೇ ಜನ ವರ್ಷಗಟ್ಟಲೆ ಕಾಗದ ಕೂಡಿಸಿದ್ದರ ಫಲ ಅದು. ಈಗ ಗಣಿ ಬಾಧಿತ ಊರುಗಳಿಗೆ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇದೆ. ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ, ಹಳೇ ಗುತ್ತಿಗೆಗಳಿಗೆ ಅದರ ಶೇ. 30ರಷ್ಟು, ಹೊಸ ಹರಾಜಿನ ಗುತ್ತಿಗೆಗಳಿಗೆ ಶೇ. 10ರಷ್ಟನ್ನು ಈ ನಿಧಿಗೆ ಕಟ್ಟುತ್ತಾರೆ. ನೀರು, ಆರೋಗ್ಯ, ಶಿಕ್ಷಣಕ್ಕೆ ಎಂದೇ ಇರುವ ಹಣ. ಸಂಡೂರಿನ ಕಡೆಯ, ಧರ್ಮಕೇಂದ್ರಕ್ಕೆ ಸೇರಿದ ಉಪಕೇಂದ್ರಗಳಲ್ಲಿ ನಮ್ಮ ಜನ ಇದ್ದರೆ ಗ್ರಾಮಸಭೆಗೆ ಹೋಗಿ, ನಮ್ಮೂರಿಗೆ ಯಾವ ಕಾಮಗಾರಿ ಮಂಜೂರಾಗಿದೆ ಎಂದು ಕೇಳಲಿ.

ಕೊಪ್ಪಳದಲ್ಲಿ 2025ರ ಫೆಬ್ರುವರಿಯಲ್ಲಿ ಊರ ಪಕ್ಕದ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಎಂದು ಜನ ಬೀದಿಗೆ ಬಂದರು. ಗವಿಮಠದ ಸ್ವಾಮಿಗಳೂ ಅವರ ಜೊತೆ ನಿಂತರು. ಅಂಥ ಕಡೆ ನಾವು ನಮ್ಮ ಬ್ಯಾನರ್ ಹಿಡಿಯದೆ, ಜನರ ನಡುವೆ ಜನರಾಗಿ ಹೋಗಬೇಕು. ಮಠದವರು, ಮಸೀದಿ ಕಮಿಟಿಯವರು, ದಲಿತ ಸಂಘಟನೆಯವರು, ಆಶಾ ಅಂಗನವಾಡಿಯವರು ಮೊದಲೇ ಪರಿಚಯ ಇದ್ದರೆ ಇದು ಸಹಜವಾಗಿ ಆಗುತ್ತದೆ. ಕಷ್ಟ ಬಂದಾಗ ಮೊದಲ ಸಲ ಬಾಗಿಲು ತಟ್ಟುವುದು ಸರಿಯಲ್ಲ. ಉರುಸಿಗೆ, ಜಾತ್ರೆಗೆ, ಅವರ ಮನೆಯ ಸಾವಿಗೆ ಹೋಗಿ ಬನ್ನಿ.

ಒಂದು ಎಚ್ಚರ. ಸಹಾಯ ಮತ್ತು ಪ್ರಾರ್ಥನೆ ಎರಡನ್ನೂ ಬೆರೆಸಬೇಡಿ. ಅರ್ಜಿ ಬರೆದುಕೊಡುವ ಜಾಗದಲ್ಲಿ ಕರಪತ್ರ ಇಡಬೇಡಿ. ಧರ್ಮ ಯಾವುದು ಎಂದು ಕೇಳಬೇಡಿ. ಮತಾಂತರದ ಆರೋಪ ಬರುತ್ತದೆ ಎಂಬ ಭಯ ಒಂದು ಕಡೆ ಇರಲಿ, ಕಷ್ಟದಲ್ಲಿರುವವರ ಮುಂದೆ ನಮ್ಮ ನಂಬಿಕೆಯನ್ನು ಇಡುವುದೇ ಅವರ ಮಾನಕ್ಕೆ ಕುಂದು. ಹಾಗೆಯೇ ಅಕ್ಕಿ ಕೊಡುವಾಗ ಫೋಟೋ ತೆಗೆಯುವುದನ್ನು ಇವತ್ತೇ ನಿಲ್ಲಿಸಿ.

ಲೋಕದ ಕಡೆಗೆ ಕಿಟಕಿ

ಬಳ್ಳಾರಿಯವರಿಗೆ ಲೋಕದ ಸುದ್ದಿ ಬೇರೆಯವರ ಸುದ್ದಿ ಅಲ್ಲ. 2000ದ ದಶಕದಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳು ಅದಿರು ಕೇಳಿದವು, ದರ ಏರಿತು, ಸಂಡೂರಿನ ಗುಡ್ಡಗಳು ಕರಗಿದವು, ರಸ್ತೆ ಬದಿಯ ಹೊಲಗಳ ಮೇಲೆ ಕೆಂಧೂಳು ಕೂತಿತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ಸ್ ಕೆಲಸದವರು ಸತ್ತರು. ಅವರಿಗೆ ತಿಂಗಳಿಗೆ 38 ಯೂರೋ ಸಂಬಳ ಎಂದು ಓದಿದ ಪೋಪ್ ಫ್ರಾನ್ಸಿಸ್, ಮೇ 1ರ ಪೂಜೆಯಲ್ಲಿ ಅದನ್ನು ಗುಲಾಮಿ ದುಡಿಮೆ ಎಂದು ಕರೆದರು. ಈ ವಿಷಯ ನಮ್ಮ ಹೊಲಿಯುವ ಹೆಂಗಸರಿಗೆ ಹೇಳಿದಾಗ ಅವರು ಮೊದಲು ಕೇಳಿದ್ದು "ಅವರಿಗೂ ಪೀಸಿನ ಲೆಕ್ಕಾನಾ ಅಕ್ಕಾ?" ಎಂದು. ಅಂಥ ಪ್ರಶ್ನೆ ಬಂದರೆ ಸಾಕು, ಲೋಕ ಹತ್ತಿರ ಬಂದ ಹಾಗೆ.

ವರ್ಷದ ದಿನಗಳನ್ನು ಇದಕ್ಕೆ ಬಳಸಿಕೊಳ್ಳಿ. ಫೆಬ್ರುವರಿ 8 ಗುಲಾಮಳಾಗಿ ಮಾರಾಟವಾಗಿದ್ದ ಸಂತ ಬಖಿತಾರ ಹಬ್ಬ, ಮನುಷ್ಯರ ಮಾರಾಟದ ವಿರುದ್ಧ ಪ್ರಾರ್ಥಿಸುವ ದಿನ. ಕೆಲಸ ಕೊಡಿಸುತ್ತೇವೆ ಎಂದು ಹುಡುಗಿಯರನ್ನು ಕರೆದೊಯ್ಯುವವರ ಬಗ್ಗೆ ಅವತ್ತು ಮಾತಾಡಿ. ಮೇ 1 ಕಾರ್ಮಿಕ ಸಂತ ಜೋಸೆಫರ ದಿನ, ಪೂಜೆಯಲ್ಲಿ ಕಾಣಿಕೆಯಾಗಿ ಕರಣೆ, ಕತ್ತರಿ, ಕುಡುಗೋಲು ತರಲಿ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4 ಸೃಷ್ಟಿಯ ಕಾಲ, ಪರಿಸರಕ್ಕಾಗಿ ಪ್ರಾರ್ಥಿಸುವ ದಿನಗಳು. ಗಿಡ ನೆಟ್ಟು ಫೋಟೋ ತೆಗೆಸುವ ಬದಲು ವಾಷಿಂಗ್ ಘಟಕದ ನೀರು ಯಾವ ಚರಂಡಿಗೆ, ಯಾವ ಹಳ್ಳಕ್ಕೆ ಹೋಗುತ್ತದೆ ಎಂದು ಮಕ್ಕಳ ಜೊತೆ ನಡೆದು ನೋಡಿ. ವಲಸಿಗರ ಮತ್ತು ನಿರಾಶ್ರಿತರ ದಿನ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಭಾನುವಾರ ಬರುತ್ತದೆ. ರಾಯಚೂರು ಕಡೆಯವರಿಗೆ ನಿರಾಶ್ರಿತರು ದೂರದವರಲ್ಲ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಪುನರ್ವಸತಿಗೆಂದು ಮಾಡಿದ ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಲ್ಲಿ ದಶಕಗಳಿಂದ ಇವೆ. ಅಲ್ಲಿಯ ಹಿರಿಯರನ್ನು ಕರೆದು ಕೇಳಿ. ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ದುಡಿಯಲು ಹೋದವರ ಹೆಸರುಗಳನ್ನೂ ಅವತ್ತು ಓದಿ.

ವಿಶ್ವಾಸಿಗಳ ಪ್ರಾರ್ಥನೆಯನ್ನು ಪುಸ್ತಕದಿಂದ ಓದುವುದು ಬಿಟ್ಟು ಗುಂಪಿನವರು ಬರೆಯಲಿ. "ಲೋಕದಲ್ಲಿ ಶಾಂತಿ ನೆಲೆಸಲಿ" ಎಂದರೆ ಯಾರ ಮನಸ್ಸಿಗೂ ನಾಟುವುದಿಲ್ಲ. ಊರ ಹೆಸರು ಹೇಳಿ. 2023ರ ಮೇ ತಿಂಗಳಿಂದ ಮನೆ ಬಿಟ್ಟು ಶಿಬಿರಗಳಲ್ಲಿ ಬದುಕಿದ ಮಣಿಪುರದ ಜನ. 2025ರ ಜುಲೈನಲ್ಲಿ ದಾಳಿಗೆ ಸಿಕ್ಕ ಗಾಜಾದ ಪವಿತ್ರ ಕುಟುಂಬದ ಧರ್ಮಕೇಂದ್ರ ಮತ್ತು ಅದರ ಸುತ್ತ ಸಾಯುತ್ತಿದ್ದ ಸಾವಿರಾರು ಜನ. 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಎದೆ ಒಡೆದುಕೊಂಡ ನಮ್ಮ ಗದ್ದೆಯವರು. ಇವರೆಲ್ಲ ಒಂದೇ ಪ್ರಾರ್ಥನೆಯಲ್ಲಿ ಬರಬಹುದು.

ಹಣದ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ವಿದೇಶದಲ್ಲಿರುವವರು ಯಾರಾದರೂ ನಿಮ್ಮ ಗುಂಪಿಗೆ ದುಡ್ಡು ಕಳಿಸುತ್ತೇವೆ ಎಂದರೆ, ವಿದೇಶಿ ವಂತಿಗೆ ಕಾನೂನಿನ ನೋಂದಣಿ ಇಲ್ಲದೆ ಒಂದು ರೂಪಾಯಿ ಮುಟ್ಟಬೇಡಿ. ಧರ್ಮಕ್ಷೇತ್ರದ ಕಚೇರಿಗೆ ತಿಳಿಸಿ, ಅಲ್ಲಿಂದ ದಾರಿ ಕೇಳಿ. ನಮ್ಮ ಕೆಲಸಕ್ಕೆ ಬೇಕಾಗುವುದು ಜೆರಾಕ್ಸ್, ಅಂಚೆ, ಬಸ್ ಚಾರ್ಜು, ಮಂಡಕ್ಕಿ. ಅಷ್ಟನ್ನು ಊರಲ್ಲೇ ಕೂಡಿಸಬಹುದು. ತಿಂಗಳ ಲೆಕ್ಕವನ್ನು ನೋಟೀಸ್ ಬೋರ್ಡಿಗೆ ಹಾಕಿ.

ಫಾದರ್ ವರ್ಗವಾದಾಗ

ಕೆಲವು ವರ್ಷಕ್ಕೊಮ್ಮೆ ಗುರುಗಳು ಬದಲಾಗುತ್ತಾರೆ. ಎಷ್ಟೋ ಒಳ್ಳೆಯ ಕೆಲಸ ನಿಂತುಹೋಗುವುದು ಇಲ್ಲೇ. ಹೊಸ ಫಾದರ್ ಬಂದ ಮೊದಲ ವಾರ ಅಹವಾಲು ಹೊತ್ತು ಹೋಗಬೇಡಿ, ಅವರು ಸಾಮಾನು ಇಳಿಸಿಕೊಳ್ಳಲಿ. ಮೊದಲ ತಿಂಗಳೊಳಗೆ ಒಂದು ಸಂಜೆ ಕೇಳಿಕೊಂಡು ಹೋಗಿ. ಪಾಲನಾ ಸಮಿತಿಯ ಹಳೇ ನಡಾವಳಿಯ ಪ್ರತಿ, ರಿಜಿಸ್ಟರ್, ಬಾಕಿ ಇರುವ ಅರ್ಜಿಗಳ ಒಂದು ಪುಟದ ಪಟ್ಟಿ ಒಯ್ಯಿರಿ. ಹಳೇ ಫಾದರ್ ಹೀಗೆ ಮಾಡುತ್ತಿದ್ದರು ಎಂಬ ಮಾತು ಆಡಬೇಡಿ. ಆಮೇಲೆ ಅವರನ್ನೇ ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ. ಭಾಷಣಕ್ಕೆ ಬೇಡ. ಪಿಂಚಣಿ ನಿಂತ ಅಜ್ಜಿಯ ಜೊತೆ ನಾಡಕಚೇರಿಯ ಸಾಲಿನಲ್ಲಿ ನಿಲ್ಲುವುದಕ್ಕೆ. ಆಧಾರ್, ಪಾಸ್‌ಬುಕ್, ಹಳೇ ಮಂಜೂರಾತಿ ಪತ್ರ, ಮೂರರ ಜೆರಾಕ್ಸ್ ಹಿಂದಿನ ದಿನವೇ ಮಾಡಿಸಿಟ್ಟಿರಿ. ಬೆಳಿಗ್ಗೆ ಹತ್ತಕ್ಕೆ ಮುಂಚೆ ಹೋಗಿ, ಆಮೇಲೆ ಸಾಲು ಜಾಸ್ತಿಯಾಗುತ್ತದೆ.